ಅನುಭವ ಇಲ್ಲದ ಇಂಗ್ಲಿಷ್ ಟೀಚರ್‌ಗೆ ಹೊರದೇಶದಲ್ಲಿ ಕೆಲಸ ಸಿಗುತ್ತಾ? ಏಜೆನ್ಸಿಯವರು 1.8 ಲಕ್ಷ ಕೇಳುತ್ತಿದ್ದಾರೆ

ತುಂಗೆಯ_ದಡ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಶಿವಮೊಗ್ಗದವಳು. ಕುವೆಂಪು ವಿವಿಯಲ್ಲಿ ಎಂಎ ಇಂಗ್ಲಿಷ್ ಮುಗಿಸಿದ್ದೇನೆ. ಬಿ.ಎಡ್ ಆಗಿಲ್ಲ. ಅನುಭವ ಅಂತ ಹೇಳಿಕೊಳ್ಳುವುದಕ್ಕೆ ಸಂಜೆ ಹೊತ್ತು ನಮ್ಮ ಬೀದಿಯ ಹೈಸ್ಕೂಲ್ ಮಕ್ಕಳಿಗೆ ಹೇಳಿಕೊಡುವ ಟ್ಯೂಷನ್ ಬಿಟ್ಟರೆ ಏನೂ ಇಲ್ಲ. ಇಲ್ಲಿನ ಖಾಸಗಿ ಶಾಲೆಗಳಲ್ಲಿ ವಿಚಾರಿಸಿದರೆ ತಿಂಗಳಿಗೆ 12 ಸಾವಿರ ಅನ್ನುತ್ತಾರೆ. ಏಪ್ರಿಲ್, ಮೇ ತಿಂಗಳ ಸಂಬಳ ಕೊಡುವುದಿಲ್ಲವಂತೆ.

ಈ ನಡುವೆ ರೀಲ್ಸ್ ನೋಡಿ ನೋಡಿ ತಲೆ ಕೆಟ್ಟಿದೆ. ಯಾವ ಡಿಗ್ರಿ ಇದ್ದರೂ ಸಾಕು, ವಿಯೆಟ್ನಾಂಗೋ ಥಾಯ್ಲೆಂಡಿಗೋ ಹೋಗಿ ಇಂಗ್ಲಿಷ್ ಕಲಿಸಿ ಲಕ್ಷಗಟ್ಟಲೆ ದುಡಿಯಿರಿ ಅಂತ. ಬೆಂಗಳೂರಿನ ಒಂದು ಏಜೆನ್ಸಿಗೆ ಫೋನ್ ಮಾಡಿದೆ. 1.8 ಲಕ್ಷದ ಪ್ಯಾಕೇಜ್ ಅಂದರು. 120 ಗಂಟೆಯ ಟೆಫಲ್ (ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ತರಬೇತಿ) ಆನ್‌ಲೈನ್ ಕೋರ್ಸ್, ವೀಸಾ, ಕೆಲಸ ಗ್ಯಾರಂಟಿ ಎಲ್ಲಾ ಅದರಲ್ಲೇ. ಮೊದಲು ಇ-ವೀಸಾದಲ್ಲಿ ವಿಯೆಟ್ನಾಂಗೆ ಹೋಗಿ ಪಾಠ ಶುರು ಮಾಡಬೇಕಂತೆ, ವರ್ಕ್ ಪರ್ಮಿಟ್ ಅಲ್ಲೇ ಮಾಡಿಸಿಕೊಡುತ್ತಾರಂತೆ. ಈ ವಾರ 50 ಸಾವಿರ ಅಡ್ವಾನ್ಸ್ ಕಟ್ಟಿದರೆ ಮುಂದಿನ ಬ್ಯಾಚಿಗೆ ಸೀಟು.

ಇದು ನಿಜವಾ? ಆನ್‌ಲೈನಲ್ಲಿ ಯಾವ ಜಾಹೀರಾತು ನೋಡಿದರೂ ನೇಟಿವ್ ಸ್ಪೀಕರ್ (ಇಂಗ್ಲಿಷ್ ಮಾತೃಭಾಷೆ ಆದವರು) ಬೇಕು ಅಂತಲೇ ಇರುತ್ತದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೋದರೆ ಸೇರಿಸಿಕೊಳ್ಳುತ್ತಾರಾ? ಇನ್ನೊಂದು, ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮೀಡಿಯಂ. ಅದೂ ಅಡ್ಡಿ ಆಗುತ್ತಾ? ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ ಬೇಡ ಅಂತ ಅಮ್ಮ. ಆಫರ್ ಲೆಟರ್ ತೋರಿಸು, ಆಮೇಲೆ ಮಾತಾಡೋಣ ಅಂತ ಅಪ್ಪ.

ಹೈಫಾಂಗ್_ಮೇಷ್ಟ್ರು:

ದುಡ್ಡು ಕಟ್ಟಬೇಡಿ. ಮೊದಲು ಇದನ್ನು ಓದಿ.

ನಾನು ದಾವಣಗೆರೆಯವನು, ವಿಯೆಟ್ನಾಂನ ಹೈಫಾಂಗ್‌ನಲ್ಲಿ ಒಂದು ಭಾಷಾ ಸೆಂಟರಿನಲ್ಲಿ ಕಲಿಸುತ್ತಿದ್ದೇನೆ. ಭಾರತೀಯರಿಗೆ ಇಲ್ಲಿ ಕೆಲಸ ಸಿಗುತ್ತದೆ, ಸುಳ್ಳಲ್ಲ. ಆದರೆ ನಿಮ್ಮ ಏಜೆನ್ಸಿಯವರು ಹೇಳಿದ ದಾರಿ ಕಾನೂನಿಗೆ ವಿರುದ್ಧ. ಇ-ವೀಸಾದಲ್ಲಿ ಬಂದು ಪಾಠ ಮಾಡುವ ಹಾಗಿಲ್ಲ. ವರ್ಕ್ ಪರ್ಮಿಟ್ ಇಲ್ಲದೆ ಸಿಕ್ಕಿಬಿದ್ದರೆ 15ರಿಂದ 25 ಮಿಲಿಯನ್ ಡಾಂಗ್ ದಂಡ, ಜೊತೆಗೆ ಗಡಿಪಾರು. ಸೆಂಟರ್‌ಗಳ ಮೇಲೆ ಆಗಾಗ ತಪಾಸಣೆ ಆಗುತ್ತದೆ. ಆ ದಿನ ಪರ್ಮಿಟ್ ಇಲ್ಲದವರಿಗೆ ಮ್ಯಾನೇಜರ್‌ನಿಂದ ಇವತ್ತು ಬರಬೇಡಿ ಅಂತ ಮೆಸೇಜ್ ಬರುತ್ತದೆ, ಅವರು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಸಂಬಳ ಕೊಡದಿದ್ದರೂ ಎಲ್ಲೂ ಹೋಗಿ ದೂರು ಕೊಡುವ ಹಾಗಿಲ್ಲ, ಯಾಕೆಂದರೆ ದಾಖಲೆ ಪ್ರಕಾರ ನೀವು ಟೂರಿಸ್ಟ್.

ಸರಿಯಾದ ದಾರಿ ಏನಪ್ಪಾ ಅಂದರೆ, ಡಿಗ್ರಿ ಬೇಕು (ನಿಮಗಿದೆ), ಬೋಧನೆಯ ಸರ್ಟಿಫಿಕೇಟ್ ಬೇಕು, ಪೊಲೀಸ್ ಕ್ಲಿಯರೆನ್ಸ್ ಬೇಕು, ಇಲ್ಲಿ ಬಂದ ಮೇಲೆ ಆರೋಗ್ಯ ತಪಾಸಣೆ. ನೇಟಿವ್ ಅಲ್ಲದವರಿಗೆ ಇಂಗ್ಲಿಷ್ ಮಟ್ಟದ ಸರ್ಟಿಫಿಕೇಟೂ ಕೇಳುತ್ತಾರೆ, ಸಿ1 ಮಟ್ಟ, ಅಂದರೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 7 ಅಥವಾ ಅದಕ್ಕಿಂತ ಜಾಸ್ತಿ. ನಾನು ಬಂದಾಗ ಡಿಗ್ರಿ ಸರ್ಟಿಫಿಕೇಟ್‌ಗೆ ಮೊದಲು ಬೆಂಗಳೂರಲ್ಲಿ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಕೊನೆಗೆ ದೆಹಲಿಯ ವಿಯೆಟ್ನಾಂ ರಾಯಭಾರ ಕಚೇರಿಯ ಮುದ್ರೆ, ಹೀಗೆ ಮೂರು ಕಡೆ ಹಾಕಿಸಿದ್ದೆ. ಅದಕ್ಕೇ ಎರಡು ತಿಂಗಳು ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಕನ್ನಡ ಮೀಡಿಯಂ ಬಗ್ಗೆ ಇಲ್ಲಿ ಯಾರೂ ಕೇಳಲಿಲ್ಲ.

ಕೆಲಸ ಹೇಗಿರುತ್ತದೆ ಅಂತ ಯಾವ ರೀಲ್ಸಿನವರೂ ಹೇಳುವುದಿಲ್ಲ. ಸೆಂಟರ್ ಅಂದರೆ ನಮ್ಮ ಟ್ಯುಟೋರಿಯಲ್ ಇದ್ದ ಹಾಗೆ. ವಾರದ ದಿನ ಸಂಜೆ ಐದೂವರೆಯಿಂದ ಒಂಬತ್ತು, ಶನಿವಾರ ಭಾನುವಾರ ಬೆಳಗಿನಿಂದ ರಾತ್ರಿ ತನಕ. ಕ್ಲಾಸಿನಲ್ಲಿ ಐದಾರು ವರ್ಷದ ಮಕ್ಕಳು ಹದಿನೈದಿಪ್ಪತ್ತು, ಜೊತೆಗೆ ಒಬ್ಬ ವಿಯೆಟ್ನಾಮಿ ಸಹಾಯಕಿ. ಎಂಎಯಲ್ಲಿ ಓದಿದ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. "ಐ ಲೈಕ್ ಮ್ಯಾಂಗೋ, ಐ ಡೋಂಟ್ ಲೈಕ್ ಫಿಶ್" ಅನ್ನುವುದನ್ನು ಚಿತ್ರದ ಕಾರ್ಡ್ ಹಿಡಿದು, ಕುಣಿದು, ಚೆಂಡು ಎಸೆದು ಮುಕ್ಕಾಲು ಗಂಟೆ ಹೇಳಿಸಬೇಕು. ಒಂದು ಮಗು ಡೆಸ್ಕಿನ ಕೆಳಗೆ ಹೋಗಿ ಕೂತಿರುತ್ತದೆ, ಇನ್ನೊಂದು ಅಳುತ್ತಿರುತ್ತದೆ, ಬಾಗಿಲ ಗಾಜಿನಿಂದ ತಾಯಂದಿರು ಇಣುಕುತ್ತಿರುತ್ತಾರೆ. ಇದು ನಿಮಗೆ ಖುಷಿ ಕೊಡುತ್ತದೆ ಅನ್ನಿಸಿದರೆ ಬನ್ನಿ.

ಮೈಬಣ್ಣ ನೋಡುತ್ತಾರಾ ಅಂದರೆ, ನೋಡುತ್ತಾರೆ. ಅಪ್ಪ ಅಮ್ಮಂದಿರಿಗೆ ಬಿಳಿ ಮುಖ ಬೇಕು, ಸೆಂಟರಿನವರಿಗೆ ಅಪ್ಪ ಅಮ್ಮಂದಿರ ದುಡ್ಡು ಬೇಕು. ಹನೋಯ್, ಹೋ ಚಿ ಮಿನ್ಹ್ ಸಿಟಿಗಿಂತ ಸಣ್ಣ ಊರುಗಳಲ್ಲಿ ಸಿಗುವುದು ಸುಲಭ. ಸಂಬಳ ನೇಟಿವ್‌ನವರಿಗಿಂತ ಕಡಿಮೆಯೇ.

ಕಾಪು_ಟೀಚರಮ್ಮ:

ತಂಗಿ, ನಾನು ಮಾಲ್ಡೀವ್ಸ್‌ನಲ್ಲಿ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ಈಗ ಊರಿಗೆ ಬಂದು ನೆಲೆಸಿದ್ದೇನೆ. ನನ್ನ ಮಾತು ಒಂದೇ. ಮೊದಲು ಬಿ.ಎಡ್ ಮಾಡಿ.

ಮಾಲ್ಡೀವ್ಸ್ ಯಾಕೆ ಹೇಳುತ್ತೇನೆ ಅಂದರೆ, ಅಲ್ಲಿ ಭಾರತದ ಟೀಚರ್ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಕೇರಳ, ತಮಿಳುನಾಡಿನವರು ಎಷ್ಟೋ ವರ್ಷದಿಂದ ಇದ್ದಾರೆ, ನಮ್ಮ ಕಡೆಯವರೂ ಸಿಗುತ್ತಾರೆ. ಶಾಲೆಯ ಪಾಠ ಇಂಗ್ಲಿಷಿನಲ್ಲೇ, ದೊಡ್ಡ ಮಕ್ಕಳು ಕೇಂಬ್ರಿಡ್ಜ್ ಪರೀಕ್ಷೆ ಬರೆಯುತ್ತಾರೆ. ಹಾಗಾಗಿ ನಿಮ್ಮ ಎಂಎಗೆ ಅಲ್ಲಿ ಬೆಲೆ ಇದೆ. ಆದರೆ ಹೈಸ್ಕೂಲಿಗೆ ಡಿಗ್ರಿ ಜೊತೆ ಬಿ.ಎಡ್ ಕೇಳುತ್ತಾರೆ.

ಬದುಕು ಹೇಗೆ ಅಂತ ಕೇಳಿದರೆ, ರೆಸಾರ್ಟ್ ಫೋಟೊ ಮರೆತುಬಿಡಿ. ನಮ್ಮಂಥವರನ್ನು ಹಾಕುವುದು ಸಣ್ಣ ದ್ವೀಪಕ್ಕೆ. ಈ ತುದಿಯಿಂದ ಆ ತುದಿಗೆ ನಡೆದರೆ ಹತ್ತು ಹದಿನೈದು ನಿಮಿಷ. ತರಕಾರಿ ಬರುವುದು ದೋಣಿಯಲ್ಲಿ. ಗಾಳಿ ಮಳೆ ಜೋರಾಗಿ ದೋಣಿ ನಿಂತರೆ ಅಂಗಡಿಯಲ್ಲಿ ಈರುಳ್ಳಿ, ಆಲೂಗಡ್ಡೆ, ಡಬ್ಬಿಯ ಮೀನು ಬಿಟ್ಟು ಬೇರೇನೂ ಇರುವುದಿಲ್ಲ. ನಾನು ಮೀನು ತಿನ್ನುವವಳು, ಬಚಾವಾದೆ. ಜೊತೆಗಿದ್ದ ಸಸ್ಯಾಹಾರಿ ಟೀಚರ್ ಊರಿಂದ ಬರುವಾಗ ಹಪ್ಪಳ, ಹುರುಳಿ, ಸಾಂಬಾರ್ ಪುಡಿ ಅಂತ ಒಂದು ಸೂಟ್‌ಕೇಸ್ ಪೂರ್ತಿ ತರುತ್ತಿದ್ದರು. ರಜೆ ಶುಕ್ರವಾರ ಶನಿವಾರ. ಹೆಣ್ಣುಮಕ್ಕಳಿಗೆ ಭಯ ಅಂತೇನೂ ಅನ್ನಿಸಲಿಲ್ಲ, ದ್ವೀಪದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಬೇಜಾರು ಮಾತ್ರ ಜಾಸ್ತಿ.

ಒಂದು ವಿಷಯ ಮೊದಲೇ ಕೇಳಿಕೊಳ್ಳಿ. ಸಂಬಳ ಸಿಗುವುದು ರೂಫಿಯಾದಲ್ಲಿ, ಮನೆಗೆ ಕಳಿಸುವಾಗ ಡಾಲರ್ ಬೇಕು, ಡಾಲರ್‌ಗೆ ಅಲ್ಲಿ ಯಾವಾಗಲೂ ಅಭಾವ. ಬ್ಯಾಂಕಿನವರು ತಿಂಗಳಿಗೆ ಇಷ್ಟೇ ಅಂತ ಮಿತಿ ಹಾಕುತ್ತಾರೆ. ಹೊರಗೆ ಕೊಂಡರೆ ದರ ದುಬಾರಿ. ಈಗ ಅಲ್ಲಿರುವವರನ್ನು ಕೇಳಿ, ಮಿತಿ ಎಷ್ಟಿದೆ ಅಂತ ತಿಳಿದುಕೊಂಡೇ ಲೆಕ್ಕ ಹಾಕಿ. ಕಾಗದದ ಮೇಲೆ ಇರುವ ಸಂಬಳ ಬೇರೆ, ಅಮ್ಮನ ಅಕೌಂಟಿಗೆ ಬರುವುದು ಬೇರೆ.

ಸುಮ್ನೆ_ಒಬ್ಬ:

ಏಜೆನ್ಸಿ ವಿಷಯ ಮಾತ್ರ ಹೇಳುತ್ತೇನೆ. 1983ರ ವಲಸೆ ಕಾಯ್ದೆ ಪ್ರಕಾರ ಹೊರದೇಶದ ಕೆಲಸಕ್ಕೆ ಜನ ಸೇರಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಲೇಬೇಕು. ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಐದು ನಿಮಿಷದ ಕೆಲಸ. ಅವರು ಕೆಲಸಗಾರರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30 ಸಾವಿರ ರೂಪಾಯಿ, ಮೇಲೆ ಜಿಎಸ್‌ಟಿ. 1.8 ಲಕ್ಷ ಎಲ್ಲಿಂದ ಬಂತು? ಟೆಫಲ್ ಆನ್‌ಲೈನ್ ಕೋರ್ಸ್ ನೀವೇ ಸೇರಿಕೊಂಡರೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಪಾಸ್‌ಪೋರ್ಟ್ ಸೇವಾದಲ್ಲಿ ಪೊಲೀಸ್ ಕ್ಲಿಯರೆನ್ಸ್‌ಗೆ 500 ರೂಪಾಯಿ. ಉಳಿದಿದ್ದು ಅವರ ಎಸಿ ಆಫೀಸಿನ ಬಾಡಿಗೆ.

ಇನ್ನೊಂದು ಮಾತು, ಹೆದರಿಸುವುದಕ್ಕಲ್ಲ. ಥಾಯ್ಲೆಂಡಿನಲ್ಲಿ ಕೆಲಸ ಅಂತ ನಂಬಿಸಿ ಕರೆದುಕೊಂಡು ಹೋಗಿ, ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡಿ ಕಡೆ ಆನ್‌ಲೈನ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಿದ ಪ್ರಕರಣ ಒಂದೆರಡಲ್ಲ. 2025ರ ಮಾರ್ಚ್‌ನಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ವಾಪಸ್ ಕರೆತಂದರು. ಅವರಿಗೆ ತೋರಿಸಿದ್ದು ಹೆಚ್ಚಾಗಿ ಕಂಪ್ಯೂಟರ್, ಮಾರ್ಕೆಟಿಂಗ್ ಕೆಲಸದ ಆಸೆ, ಟೀಚರ್ ಕೆಲಸ ಅಲ್ಲ. ಆದರೆ ಕೆಲಸದ ವೀಸಾ ಇಲ್ಲದೆ ಬಾ, ಉಳಿದಿದ್ದು ಅಲ್ಲಿ ನೋಡೋಣ ಅನ್ನುವ ಮಾತು ಒಂದೇ. ಶಾಲೆಯ ಹೆಸರು, ವಿಳಾಸ ಕೊಡದೆ ಟಿಕೆಟ್ ಮಾತ್ರ ಕಳಿಸಿದರೆ ಹತ್ತಬೇಡಿ. ನಿಮ್ಮ ಅಪ್ಪ ಹೇಳಿದ್ದೇ ಸರಿ.

ತುಂಗೆಯ_ದಡ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇವತ್ತು ಏಜೆನ್ಸಿಯವರಿಗೆ ನೋಂದಣಿ ಸಂಖ್ಯೆ ಕೊಡಿ ಅಂದೆ. ನಾವು ಏಜೆಂಟ್ ಅಲ್ಲ ಮೇಡಂ, ಕನ್ಸಲ್ಟೆನ್ಸಿ, ನಮಗೆ ಅದೆಲ್ಲ ಬೇಡ ಅಂದರು. ಸ್ವಲ್ಪ ಜೋರು ಮಾಡಿದ ಮೇಲೆ ಅಡ್ವಾನ್ಸ್ 50ರಿಂದ 20 ಸಾವಿರಕ್ಕೆ ಇಳಿಯಿತು! ನಂಬರ್ ಬ್ಲಾಕ್ ಮಾಡಿದೆ.

ಈಗ ಗೊಂದಲ ಏನೆಂದರೆ, ಬಿ.ಎಡ್ ಅಂದರೆ ಮತ್ತೆ ಎರಡು ವರ್ಷ. ಅದರ ಬದಲು ಸೆಲ್ಟಾ (ಇಂಗ್ಲಿಷ್ ಕಲಿಸುವ ಸರ್ಟಿಫಿಕೇಟ್ ಕೋರ್ಸ್) ಮಾಡಿದರೆ ಆಗಲ್ವಾ? ಜಪಾನ್, ಕೊರಿಯಾ ಕಡೆ ನೋಡಬಹುದಾ?

ದೇರಾ_ಟು_ದೇರೇಬೈಲು:

ಮಂಗಳೂರಿನವನು, ಹೆಂಡತಿ ದುಬೈನ ಸಿಬಿಎಸ್‌ಇ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಗಲ್ಫ್ ಯಾರೂ ಹೇಳಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ಯುಎಇ, ಒಮಾನ್, ಕುವೈತ್, ಕತಾರ್ ಎಲ್ಲಾ ಕಡೆ ಭಾರತೀಯ ಪಠ್ಯಕ್ರಮದ ಶಾಲೆಗಳಿವೆ. ಇಲ್ಲಿ ನೇಟಿವ್ ಸ್ಪೀಕರ್ ರಗಳೆಯೇ ಇಲ್ಲ, ಟೀಚರುಗಳಲ್ಲಿ ಬಹುಪಾಲು ನಮ್ಮವರೇ. ಆದರೆ ಬಿ.ಎಡ್ ಇಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಊರಿನ ಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿದ ಪತ್ರವನ್ನೂ ಹೆಚ್ಚಿನವರು ಕೇಳುತ್ತಾರೆ. ಅನುಭವದ ಪತ್ರ ಲೆಟರ್‌ಹೆಡ್‌ನಲ್ಲಿ, ತಾರೀಖು, ತರಗತಿ, ವಿಷಯ ಬರೆದು, ಮುಖ್ಯೋಪಾಧ್ಯಾಯರ ಸಹಿ, ಸೀಲ್ ಹಾಕಿಸಿ ಇಟ್ಟುಕೊಳ್ಳಬೇಕು. ಸಂಬಳ ಕೈಗೆ ಕೊಡುವ ಶಾಲೆ ಆದರೆ ಬ್ಯಾಂಕಿಗೇ ಹಾಕಿ ಅಂತ ಹಟ ಮಾಡಿ, ಮುಂದೆ ಅದೇ ಪುರಾವೆ.

ಸೆಲ್ಟಾ ಒಳ್ಳೆಯ ಕೋರ್ಸೇ. ಕೇಂಬ್ರಿಡ್ಜ್‌ನವರದ್ದು, ಪೂರ್ತಿ ಹೊತ್ತು ಮಾಡಿದರೆ ನಾಲ್ಕೈದು ವಾರ, ನಿಜವಾದ ವಿದ್ಯಾರ್ಥಿಗಳ ಎದುರು ಆರು ಗಂಟೆ ಪಾಠ ಮಾಡಿಸಿ ತಪ್ಪು ಒಪ್ಪು ಹೇಳುತ್ತಾರೆ. ಒಂದು ಲಕ್ಷದ ಮೇಲೆ ಖರ್ಚು. ಭಾಷಾ ಸೆಂಟರಿಗೆ ಅದು ಸಾಕು, ಶಾಲೆಗೆ ಬಿ.ಎಡ್ ಬದಲು ನಡೆಯುವುದಿಲ್ಲ.

ಹೈಫಾಂಗ್_ಮೇಷ್ಟ್ರು:

ಕೊರಿಯಾ ಬಿಡಿ. ಅಲ್ಲಿ ಇಂಗ್ಲಿಷ್ ಕಲಿಸುವ ಇ-2 ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾದಂಥ ಏಳು ದೇಶದ ಪಾಸ್‌ಪೋರ್ಟ್‌ನವರಿಗೆ. ಜಪಾನಿನ ಶಾಲೆಗಳ ಬೋಧಕ ವೀಸಾಕ್ಕೆ ಕಲಿಸುವ ಭಾಷೆಯಲ್ಲೇ 12 ವರ್ಷ ಓದಿರಬೇಕು. ನಿಮ್ಮ ಕನ್ನಡ ಮೀಡಿಯಂ ನಿಜವಾಗಿ ಅಡ್ಡ ಬರುವುದು ಅಲ್ಲಿ, ಪಿಯುಸಿಯಿಂದ ಲೆಕ್ಕ ಹಾಕಿದರೆ ಏಳೇ ವರ್ಷ ಆಗುತ್ತದೆ. ಮನೆಯಲ್ಲೇ ಕೂತು ಚೀನಾದ ಮಕ್ಕಳಿಗೆ ಆನ್‌ಲೈನ್ ಪಾಠ ಅಂತ ಯಾರಾದರೂ ಹೇಳಿದರೆ ಅದೂ ಹಳೇ ಕಥೆ, 2021ರಲ್ಲಿ ಅಲ್ಲಿನ ಸರ್ಕಾರ ಟ್ಯೂಷನ್ ಕಂಪನಿಗಳನ್ನು ಹತ್ತಿಕ್ಕಿದ ಮೇಲೆ ಆ ದಂಧೆ ಕುಸಿಯಿತು. ಥಾಯ್ಲೆಂಡ್ ನೋಡಬಹುದು. ನೇಟಿವ್ ಅಲ್ಲದವರಿಗೆ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತಾರೆ, ಫಿಲಿಪೀನ್ಸ್‌ನವರ ಜೊತೆ ಪೈಪೋಟಿ ಇದೆ. ಅಲ್ಲೂ ಟೀಚರ್ ಲೈಸೆನ್ಸ್ ವಿಷಯ ಬಂದಾಗ ಬಿ.ಎಡ್ ಇದ್ದವರದ್ದೇ ಮೇಲುಗೈ.

ಟೀಚರಮ್ಮನ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಟೀಚರ್ ಆಗಿಯೇ ಉಳಿಯುತ್ತೀರಿ ಅಂದರೆ ಬಿ.ಎಡ್ ಮಾಡಿ, ಎರಡು ಮಾತಿಲ್ಲ. ಎರಡು ವರ್ಷ ಹೊರಗೆ ಹೋಗಿ ನೋಡಿ ಬರೋಣ ಅಂತ ಇದ್ದರೆ ಅದಕ್ಕಾಗಿ ಬಿ.ಎಡ್ ಯಾಕೆ? ಐಇಎಲ್‌ಟಿಎಸ್ ಬರೆಯಿರಿ, ಸರ್ಟಿಫಿಕೇಟ್ ಕೋರ್ಸ್ ಮಾಡಿ, ಅಷ್ಟರಲ್ಲಿ ಡಿಗ್ರಿಗೆ ಮುದ್ರೆ ಹಾಕಿಸಿ.

ಕಾಪು_ಟೀಚರಮ್ಮ:

ಮೇಷ್ಟ್ರೇ, ನೀವು ಗಂಡಸರು, ಎರಡು ವರ್ಷ ನೋಡಿ ಬರೋಣ ಅನ್ನಬಹುದು. ಈ ಹುಡುಗಿ ವಾಪಸ್ ಬಂದಾಗ ಕೈಯಲ್ಲಿ ಏನಿರುತ್ತದೆ? ಬಿ.ಎಡ್ ಇದ್ದರೆ ಇಲ್ಲಿ ಟಿಇಟಿ ಬರೆಯಬಹುದು, ಅಲ್ಲಿ ಗಲ್ಫಿಗೂ ಹಾಕಬಹುದು. ತಂಗಿ, ಬಿ.ಎಡ್ ಓದುತ್ತಲೇ ಐಇಎಲ್‌ಟಿಎಸ್‌ಗೆ ಓದಿಕೊಳ್ಳಿ. ಪರೀಕ್ಷೆ ಮಾತ್ರ ಈಗಲೇ ಬರೆಯಬೇಡಿ, ಅಂಕಕ್ಕೆ ಎರಡೇ ವರ್ಷ ಆಯಸ್ಸು.

ತುಂಗೆಯ_ದಡ:

ಮನೆಯಲ್ಲಿ ಮಾತಾಡಿದೆ. ಬಿ.ಎಡ್‌ಗೆ ಅರ್ಜಿ ಹಾಕುತ್ತೇನೆ, ಸೀಟು ದೂರ ಸಿಕ್ಕಿದರೆ ಮೇಷ್ಟ್ರು ಹೇಳಿದ ದಾರಿ. ಮೇಷ್ಟ್ರೇ, ಡೆಮೊ ವಿಡಿಯೊ ಕೇಳುತ್ತಾರಂತಲ್ಲ, ಅದಕ್ಕೆ ಟ್ಯೂಷನ್ ಮಕ್ಕಳನ್ನೇ ಕೂರಿಸಿಕೊಂಡರೆ ನಡೆಯುತ್ತಾ?

ಹೈಫಾಂಗ್_ಮೇಷ್ಟ್ರು:

ಧಾರಾಳವಾಗಿ. ಮಕ್ಕಳ ಅಪ್ಪ ಅಮ್ಮಂದಿರನ್ನು ಕೇಳಿ ಮಾಡಿ. ಮೂರರಿಂದ ಐದು ನಿಮಿಷ ಸಾಕು. ಹೈಸ್ಕೂಲಿನವರು ಬೇಡ, ಮೂರನೇ ಕ್ಲಾಸಿನ ಮಕ್ಕಳು ನಾಲ್ಕು ಜನ ಇದ್ದರೆ ಒಳ್ಳೆಯದು. ಕನ್ನಡ ಒಂದು ಪದವೂ ಬರಬಾರದು. ನೀವು ಕಡಿಮೆ ಮಾತಾಡಿ, ಅವರ ಬಾಯಿಂದ ಜಾಸ್ತಿ ಹೇಳಿಸಿ, ನೋಡುವುದು ಅದನ್ನೇ. ಮೊಬೈಲ್ ಅಡ್ಡ ಹಿಡಿದು, ಕಿಟಕಿ ಬೆನ್ನ ಹಿಂದೆ ಬರದ ಹಾಗೆ ಕೂತು ತೆಗೆಸಿ.