‘ಹುಳಿ ಬಂತು’, ‘ಉಬ್ಬಿತು’, ‘ಹುದುಗು ಬಂತು’: ಸಾರ್‌ಡೋ ಸ್ಟಾರ್ಟರ್‌ಗೆ ಯಾವ ಮಾತು?

ಬಲ್ಲವರಲ್ಲಿ ಒಂದು ವಿಚಾರಣೆ. ಯೀಸ್ಟ್ ಪುಡಿಯ ಬದಲು ಸಾರ್‌ಡೋ ಸ್ಟಾರ್ಟರ್ (ತಾನಾಗಿಯೇ ಹುದುಗಿದ, ಬ್ರೆಡ್ಡನ್ನು ಉಬ್ಬಿಸುವ ಹಿಟ್ಟು) ಬಳಸಿ ಬ್ರೆಡ್ ಮಾಡುವ ಕೆಲವು ಮನೆಗಳು ಕಾರವಾರದ ಸುತ್ತ ನನಗೆ ಗೊತ್ತು. ಅವರು ಕೇಳಿದ್ದರಿಂದ ಸ್ಟಾರ್ಟರ್ ಕಾಪಾಡಿಕೊಳ್ಳುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗೋಧಿಹಿಟ್ಟು, ನೀರು ಕಲಸಿಟ್ಟು, ದಿನವೂ ಸ್ವಲ್ಪ ಉಳಿಸಿಕೊಂಡು ಅದಕ್ಕೆ ಹೊಸ ಹಿಟ್ಟು, ನೀರು ಸೇರಿಸುತ್ತ ಹೋಗುವ ಕೆಲಸ, ವಿವರಿಸಲು ಕಷ್ಟವಿಲ್ಲ. ಆದರೆ ‘ಈಗ ಇದು ಬಳಕೆಗೆ ಸಿದ್ಧ’ ಎಂಬುದನ್ನು ಯಾವ ಕ್ರಿಯಾಪದದಿಂದ ಹೇಳಬೇಕು ಎಂಬಲ್ಲಿ ನನಗೆ ಸಮಾಧಾನವಿಲ್ಲ.

ನಮ್ಮ ಕಡೆ ಥಟ್ಟನೆ ಬಾಯಿಗೆ ಬರುವುದು ‘ಹುಳಿ ಬಂತು’. ದೋಸೆ, ಇಡ್ಲಿ ಹಿಟ್ಟಿಗೆ ಈ ಮಾತು ಸಲ್ಲುತ್ತದೆ. ಉದ್ದು–ಅಕ್ಕಿ ಹಿಟ್ಟಿನಲ್ಲಿ ಮುಖ್ಯವಾಗಿ ದುಡಿಯುವ ಲ್ಯೂಕೊನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ ಆಮ್ಲವನ್ನೂ ಅನಿಲವನ್ನೂ ಒಟ್ಟಿಗೇ ಕೊಡುತ್ತದೆ. ಹುಳಿ ಬಂದಿತೆಂದರೆ ಹಿಟ್ಟು ಉಬ್ಬಿರುತ್ತದೆ. ಹಾಗಾಗಿ ಒಂದೇ ಮಾತು ಎರಡಕ್ಕೂ ಸಾಕಾಗಿದೆ. ಗೋಧಿ ಸ್ಟಾರ್ಟರಿನಲ್ಲಿ ಹೀಗಲ್ಲ. ಅಲ್ಲಿ ಉಬ್ಬಿಸುವ ಕೆಲಸ ಬಹುಪಾಲು ಯೀಸ್ಟಿನದು, ಹುಳಿ ಕೊಡುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳದು. ಯೀಸ್ಟ್ ತಿನ್ನಲು ಏನೂ ಉಳಿಯದೆ ಸೋತ ಮೇಲೂ ಹುಳಿ ಏರುತ್ತಲೇ ಇರುತ್ತದೆ.

ಗಾಜಿನ ಭರಣಿಯೊಂದನ್ನು ಎದುರಿಗಿಟ್ಟುಕೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ. 50 ಗ್ರಾಂ ಸ್ಟಾರ್ಟರಿಗೆ 50 ಗ್ರಾಂ ಹಿಟ್ಟು, 50 ಗ್ರಾಂ ನೀರು ಸೇರಿಸಿ, ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿಡಿ. ಕಾರವಾರದ ಮೇ ತಿಂಗಳ ಸೆಕೆಯಲ್ಲಿ ನಾಲ್ಕೈದು ಗಂಟೆಯೊಳಗೇ ಅದು ಇಮ್ಮಡಿಯಾಗುತ್ತದೆ. ಶಿರಸಿಯ ಡಿಸೆಂಬರ್ ಚಳಿಯಲ್ಲಿ ರಾತ್ರಿಯಿಡೀ ಬೇಕಾಗಬಹುದು. ಮೇಲ್ಮೈ ಗುಮ್ಮಟದಂತೆ ಎದ್ದು, ಗಾಜಿನ ಬದಿಯಲ್ಲೆಲ್ಲ ಗುಳ್ಳೆ ಕಾಣುತ್ತದೆ, ಮಾಗಿದ ಹಣ್ಣಿನ ಪರಿಮಳ ಬರುತ್ತದೆ. ಬಳಸಬೇಕಾದದ್ದು ಆಗ. ಇನ್ನಷ್ಟು ಬಿಟ್ಟರೆ ನಡುಭಾಗ ಕುಸಿದು, ಏರಿದ್ದ ಎತ್ತರದ ಗುರುತು ಗಾಜಿಗೆ ಅಂಟಿಕೊಂಡು ಉಳಿಯುತ್ತದೆ, ವಾಸನೆ ವಿನೆಗರಿನ ಕಡೆಗೆ ತಿರುಗುತ್ತದೆ. ‘ಹುಳಿ ಬಂದ ಮೇಲೆ ಬಳಸಿ’ ಎಂದು ಬರೆದರೆ ಓದಿದವರು ಕಾಯುವುದು ಈ ಎರಡನೆಯ ಹಂತಕ್ಕೇ. ಅಂಥ ಸ್ಟಾರ್ಟರಿನಿಂದ ಬ್ರೆಡ್ ಸರಿಯಾಗಿ ಏಳುವುದಿಲ್ಲ, ಹೆಚ್ಚಾದ ಆಮ್ಲದಿಂದ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಸಡಿಲಗೊಂಡು ಹಿಟ್ಟು ಕೈಗೆ ಅಂಟುತ್ತದೆ. ಇದು ಬರೆಯುವವನ ಹೊಣೆ. ಆದ್ದರಿಂದಲೇ ಪದದ ಬಗ್ಗೆ ಇಷ್ಟು ಒತ್ತಾಯ.

ಕಾರವಾರದ ಕೊಂಕಣಿಯಲ್ಲಿ ‘ಆಂಬ್ಲೆಂ’, ‘ಫುಗ್ಲೆಂ’ ಎಂದು ಹುಳಿತದ್ದಕ್ಕೂ ಉಬ್ಬಿದ್ದಕ್ಕೂ ಬೇರೆ ಬೇರೆ ಮಾತಿದೆ. ಕಳ್ಳು ಹಾಕಿ ಇಡ್ಲಿಯಂಥ ಸಾನ್ನಾಂ ಮಾಡುವ ಕರಾವಳಿಯಲ್ಲಿ ಈ ವ್ಯತ್ಯಾಸ ಉಳಿದಿರುವುದು ಸಹಜವೇ, ಏಕೆಂದರೆ ಅಲ್ಲಿಯೂ ಉಬ್ಬಿಸುವುದು ಕಳ್ಳಿನ ಯೀಸ್ಟ್. ಕನ್ನಡದಲ್ಲಿ ನಾನು ‘ಉಬ್ಬಿ ನಿಂತಾಗ’ ಎಂದು ಬರೆದಿದ್ದೇನೆ. ‘ಹುದುಗು ಬಂದಾಗ’ ಎನ್ನಬಹುದಿತ್ತು, ಮೈಸೂರು ಕಡೆಯವರಿಗೆ ಅದು ದಿನಬಳಕೆಯ ಮಾತು. ಆದರೆ ನಮ್ಮಲ್ಲಿ ‘ಹುದುಗು’ ಎಂದರೆ ಅನೇಕರಿಗೆ ಮೊದಲು ಹೊಳೆಯುವುದು ‘ಅಡಗು’ ಎಂಬ ಅರ್ಥ.

ಸ್ಟಾರ್ಟರ್ ಎಂಬ ವಸ್ತುವಿಗೇ ಹೆಸರು ಬೇಕಾದರೆ ನನ್ನ ಒಲವು ‘ಹೆಪ್ಪು’ ಕಡೆಗೆ. ಇಂದಿನದರಲ್ಲಿ ಚೂರು ಉಳಿಸಿ ನಾಳೆಯದಕ್ಕೆ ಹಾಕುವ ರೂಢಿಯೆಲ್ಲ ಆ ಪದದೊಳಗಿದೆ. ಒಂದೇ ಅಡ್ಡಿ: ಹೆಪ್ಪು ಗಟ್ಟಿಯಾಗಿಸುತ್ತದೆ, ಇದು ಹಿಗ್ಗಿಸುತ್ತದೆ. ‘ಹಿಟ್ಟಿನ ಹೆಪ್ಪು’ ಎಂದು ಸೇರಿಸಿ ಹೇಳಿದರೆ ಆ ಅಡ್ಡಿ ಕಡಿಮೆಯಾದೀತೇ? ‘ಹುಳಿಹಿಟ್ಟು’ ಬೈಬಲ್ಲಿನ ಕನ್ನಡದಲ್ಲಿ ನೆಲೆಗೊಂಡ ಒಳ್ಳೆಯ ಪದ, ಆದರೆ ಮೇಲೆ ಹೇಳಿದ ತೊಡಕನ್ನೇ ಮತ್ತೆ ತರುತ್ತದೆ. ‘ಕಿಣ್ವ’ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯ ತಯಾರಿಸುವ ಹುದುಗಿಗೆ ಬಳಕೆಯಾದ ಪದವಾದರೂ ಶಾಲೆಯ ಪುಸ್ತಕಗಳು ಅದನ್ನು ಎನ್‌ಜೈಮ್‌ಗೆ ಮೀಸಲಿಟ್ಟಿವೆ, ಹಿಂದಕ್ಕೆ ಪಡೆಯಲಾಗದು.

ಹೊಸ ಹಿಟ್ಟು–ನೀರು ಸೇರಿಸುವುದಕ್ಕೆ ‘ಉಣಿಸು’ ಸಾಕು. ಸೇರಿಸುವ ಮೊದಲು ಹೊರತೆಗೆಯುವ ಪಾಲನ್ನು ‘ತೆಗೆದ ಹಿಟ್ಟು’ ಎಂದಿದ್ದೇನೆ. ದೋಸೆಗೆ ಬರುವ ವಸ್ತುವನ್ನು ಕಸ ಎಂದು ಕರೆಯಲು ಮನಸ್ಸಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಉಣಿಸುವುದು ತಡವಾದರೆ ಸ್ಟಾರ್ಟರಿನ ಮೇಲೆ ಬೂದುಬಣ್ಣದ ನೀರು ನಿಲ್ಲುತ್ತದೆ. ನಮ್ಮ ಜನ ಅದನ್ನು ಕಂಡೊಡನೆ ‘ಹಾಳಾಯಿತು’ ಎಂದು ಚೆಲ್ಲುತ್ತಾರೆ. ಅದು ಹಾಳಾದದ್ದಲ್ಲ, ಹಸಿದದ್ದು. ನೀರು ಬಸಿದು ಒಂದೆರಡು ಬಾರಿ ಉಣಿಸಿದರೆ ಚೇತರಿಸಿಕೊಳ್ಳುತ್ತದೆ. ನಿಜಕ್ಕೂ ಹಾಳಾದದ್ದೆಂದರೆ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ ಮೂಡಿದ್ದು, ಬೂಷ್ಟು ಹಿಡಿದದ್ದು. ಅದನ್ನು ಪೂರ್ತಿ ಚೆಲ್ಲಲೇಬೇಕು. ಆ ಬೂದು ನೀರಿಗೆ ಮಜ್ಜಿಗೆಯ ಮೇಲೆ ನಿಲ್ಲುವುದಕ್ಕೆ ಹೇಳುವ ‘ತಿಳಿ’ಯನ್ನೇ ಬಳಸಬಹುದೇ? ಅಂಕೋಲಾ, ಕುಮಟಾ, ಹೊನ್ನಾವರದವರೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರೂ ಮನೆಯ ಹಿರಿಯರು ಇದಕ್ಕೂ, ಉಬ್ಬಿ ನಿಂತ ಹಿಟ್ಟಿಗೂ ಏನೆನ್ನುತ್ತಾರೆಂದು ಕೇಳಿ, ಊರಿನ ಹೆಸರಿನೊಂದಿಗೆ ತಿಳಿಸಿದರೆ ಉಪಕಾರವಾಗುತ್ತದೆ.