ಅನುಕೂಲ ಒದಗಿದ ಮೇಲೆ ವಿಧೇಯರಾಗುತ್ತೇವೆ ಎನ್ನುವುದು ನಂಬಿಕೆಯೇ?

ಯಾತ್ರಿಕ (ಪ್ರಶ್ನೆ)

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು. ಹಾಸಿಗೆ ಹಿಡಿದಿರುವ ವಿಶ್ವಾಸಿಗಳ ಮನೆಗಳಿಗೆ ವಾರಕ್ಕೊಂದು ಸಂಜೆ ಹೋಗಿ, ಅವರೊಡನೆ ಸತ್ಯವೇದ ಓದಿ ಪ್ರಾರ್ಥಿಸುವ ಸೇವೆಯನ್ನು ವಹಿಸಿಕೊಳ್ಳಬೇಕೆಂದು ನಮ್ಮ ಸಭೆಯ ಹಿರಿಯರು ನನ್ನನ್ನು ಕೇಳಿದ್ದಾರೆ. ಇದು ದೇವರ ಕರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕೆಲಸದ ಒತ್ತಡ ತಗ್ಗಲಿ, ಸಾಲ ತೀರಲಿ, ಮಕ್ಕಳ ಓದು ಒಂದು ಹಂತಕ್ಕೆ ಬರಲಿ, ಆಮೇಲೆ ಒಪ್ಪಿಕೊಂಡರಾಯಿತು ಎಂದು ಮನಸ್ಸು ಹೇಳುತ್ತದೆ. ಮೊಣಕಾಲೂರಿ ಪ್ರಾರ್ಥಿಸುವಾಗಲೂ ನಾನು ಹಾಕಿಕೊಂಡ ಯೋಜನೆಗೆ ದೇವರ ಒಪ್ಪಿಗೆಯನ್ನು ಬೇಡುತ್ತೇನೆಯೇ ಹೊರತು, ಅದನ್ನು ಬದಲಾಯಿಸುವ ಅಧಿಕಾರವನ್ನು ಆತನಿಗೆ ಬಿಟ್ಟುಕೊಡುತ್ತಿಲ್ಲವೇನೋ ಎನಿಸುತ್ತದೆ. ಇನ್ನೊಂದು ಕಡೆ, ಗೋಪುರ ಕಟ್ಟಬೇಕೆನ್ನುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನಲ್ಲವೇ ಎಂದು ಕರ್ತನೇ ಹೇಳಿದ್ದಾನೆ (ಲೂಕ 14:28). ಮುಂದಾಲೋಚನೆ ಎಲ್ಲಿ ಮುಗಿಯುತ್ತದೆ, ಅಪನಂಬಿಕೆ ಎಲ್ಲಿ ಆರಂಭವಾಗುತ್ತದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಹಿರಿಯ ಓದುಗ

ಪ್ರಿಯರೇ, ನೀವು ಉಲ್ಲೇಖಿಸಿದ ಭಾಗವನ್ನು 33ನೆಯ ವಚನದವರೆಗೆ ಓದಿ. ತನಗಿರುವುದನ್ನೆಲ್ಲಾ ಬಿಟ್ಟುಬಿಡದವನು ನನ್ನ ಶಿಷ್ಯನಾಗಿರಲಾರನು ಎಂಬ ಮಾತಿಗೆ ಆ ಬೋಧನೆ ಬಂದು ನಿಲ್ಲುತ್ತದೆ. ಆದ್ದರಿಂದ ಅಲ್ಲಿ ಲೆಕ್ಕ ಹಾಕುವುದು ಎಷ್ಟು ಕಡಿಮೆ ಕೊಟ್ಟರೆ ಸಾಕು ಎಂದು ತಿಳಿಯುವುದಕ್ಕಲ್ಲ, ಎಲ್ಲವನ್ನೂ ಕೊಡಬೇಕಾದೀತು ಎಂದು ಅರಿತೇ ಹೊರಡುವುದಕ್ಕೆ.

ನಿಮ್ಮ ಪ್ರಶ್ನೆಗೆ ಇಸ್ರಾಯೇಲ್ಯರ ಅರಸನಾದ ಸೌಲನ ವೃತ್ತಾಂತ ಹೆಚ್ಚು ಹತ್ತಿರವಾಗಿದೆ ಎಂದು ನನಗೆ ತೋರುತ್ತದೆ. 1 ಸಮುವೇಲ 13ನೆಯ ಅಧ್ಯಾಯದಲ್ಲಿ ಫಿಲಿಷ್ಟಿಯರು ಮಿಕ್ಮಾಷಿನಲ್ಲಿ ಪಾಳೆಯ ಬಿಟ್ಟಿದ್ದಾರೆ, ಸೌಲನು ಗಿಲ್ಗಾಲಿನಲ್ಲಿದ್ದಾನೆ, ಜನರು ಹೆದರಿ ಒಬ್ಬೊಬ್ಬರಾಗಿ ಚದರಿಹೋಗುತ್ತಿದ್ದಾರೆ. ಆರಂಭದಲ್ಲಿ ಆರಿಸಿಕೊಂಡಿದ್ದ 3,000 ಮಂದಿಯ ಸೈನ್ಯದವನ ಬಳಿ ಕೊನೆಗೆ ಉಳಿದವರು ಸುಮಾರು 600 ಮಂದಿ. ತಾನು ಬಂದು ಹೋಮ ಅರ್ಪಿಸುವವರೆಗೆ ಕಾದಿರಬೇಕೆಂದು ಪ್ರವಾದಿಯಾದ ಸಮುವೇಲನು ನೇಮಿಸಿದ್ದ ಏಳು ದಿನಗಳವರೆಗೆ ಕಾದ ಸೌಲನು, ಇನ್ನು ತಡೆಯಲಾರದೆ ತಾನೇ ಸರ್ವಾಂಗಹೋಮವನ್ನು ಅರ್ಪಿಸಿಬಿಡುತ್ತಾನೆ. ಅರ್ಪಿಸಿ ಮುಗಿಸುತ್ತಿದ್ದಂತೆಯೇ ಸಮುವೇಲನು ಬಂದು ತಲುಪುತ್ತಾನೆ. ಸೌಲನು ಮಾಡಿದ್ದು ನೋಡುವುದಕ್ಕೆ ಆರಾಧನೆಯೇ ಆಗಿತ್ತು, ಮತ್ತು ನನ್ನನ್ನು ಎಚ್ಚರಿಸುವುದು ಇದೇ. ಹಿಡಿತವನ್ನು ಕೈಬಿಡಲಾರದ ಮನಸ್ಸು ಯಾವಾಗಲೂ ದೇವರಿಂದ ದೂರ ಓಡುತ್ತದೆ ಎಂದಿಲ್ಲ. ಎಷ್ಟೋ ಸಲ ಅದು ಪ್ರಾರ್ಥನೆ, ಉಪವಾಸ, ಕಾಣಿಕೆಗಳನ್ನೇ ಬಳಸಿಕೊಂಡು ತಾನು ಬಯಸಿದ ಫಲವನ್ನು ತಾನು ಬಯಸಿದ ಸಮಯಕ್ಕೆ ಪಡೆಯಲು ಯತ್ನಿಸುತ್ತದೆ. ನಿಮ್ಮ ಪ್ರಾರ್ಥನೆಯ ಕುರಿತು ನಿಮಗೇ ಬಂದಿರುವ ಆ ಅನುಮಾನವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಒಳ್ಳೆಯ ಲಕ್ಷಣ.

ದುಡಿಯುವ ಕೈ

ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸಬಯಸುತ್ತೇನೆ. ಯೋಜನೆಯನ್ನೇ ಅಪನಂಬಿಕೆ ಎಂದು ಕರೆಯುವವರನ್ನು ನಾನು ಕಂಡಿದ್ದೇನೆ, ಅದರಿಂದಾಗುವ ಹಾನಿಯನ್ನೂ ಕಂಡಿದ್ದೇನೆ. ಯೆರೂಸಲೇಮಿನ ಗೋಡೆಯನ್ನು ಕಟ್ಟುತ್ತಿದ್ದ ನೆಹೆಮೀಯನ ಜನರು ದೇವರಿಗೆ ಪ್ರಾರ್ಥಿಸಿದರು, ಹಗಲಿರುಳೂ ಕಾವಲನ್ನೂ ಇಟ್ಟರು (ನೆಹೆಮೀಯ 4:9). ಬ್ರಿಸ್ಟಲ್ ನಗರದಲ್ಲಿ 1836ರಲ್ಲಿ ಅನಾಥಾಲಯವನ್ನು ತೆರೆದ ಜಾರ್ಜ್ ಮುಲ್ಲರ್, ಅಗತ್ಯಗಳನ್ನು ದೇವರಿಗೆ ಮಾತ್ರ ತಿಳಿಸಬೇಕೆಂದು ತೀರ್ಮಾನಿಸಿ ಯಾವ ವ್ಯಕ್ತಿಯನ್ನೂ ಹಣ ಕೇಳಲಿಲ್ಲ. 1870ರ ವೇಳೆಗೆ ಅಲ್ಲಿ ಎದ್ದುನಿಂತ ಐದು ದೊಡ್ಡ ಮನೆಗಳಲ್ಲಿ ಸುಮಾರು 2,000 ಮಕ್ಕಳಿಗೆ ಸ್ಥಳವಿತ್ತು. ಇದನ್ನು ಎಲ್ಲರೂ ಸಾಕ್ಷಿಯಾಗಿ ಹೇಳುತ್ತಾರೆ. ಬಂದ ಹಣಕ್ಕೆಲ್ಲಾ ಅವರು ಕಟ್ಟುನಿಟ್ಟಾಗಿ ಲೆಕ್ಕವಿಟ್ಟು ವರ್ಷವರ್ಷವೂ ವರದಿಯನ್ನು ಪ್ರಕಟಿಸುತ್ತಿದ್ದರು ಎಂಬುದನ್ನು ಹೇಳುವವರು ಕಡಿಮೆ.

ಯೋಜನೆಯನ್ನು ಹಿಡಿದುಕೊಂಡಿರುವ ಬಗೆಯನ್ನೇ ನಾವು ಪರೀಕ್ಷಿಸಿಕೊಳ್ಳಬೇಕು. ಯಾಕೋಬನು ತನ್ನ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ವ್ಯಾಪಾರಿಗಳಿಗೆ ಪ್ರಯಾಣವನ್ನೇ ಮಾಡಬೇಡಿರೆಂದು ಹೇಳಲಿಲ್ಲ. ಕರ್ತನ ಚಿತ್ತವಾದರೆ ಎಂದು ಹೇಳಲು ಕಲಿಸಿದನು. ಪೌಲನು ಆಸ್ಯ ಸೀಮೆಗೆ ಹೋಗಲು ತಡೆಯುಂಟಾದಾಗ, ಬಿಥೂನ್ಯದ ಬಾಗಿಲೂ ಮುಚ್ಚಿದಾಗ, ಹಟ ಹಿಡಿಯದೆ ತ್ರೋವಕ್ಕೆ ಇಳಿದು ಅಲ್ಲಿಂದ ಮಕೆದೋನ್ಯಕ್ಕೆ ಹೊರಟನು (ಅಪೊಸ್ತಲರ ಕೃತ್ಯಗಳು 16). ಅವನಿಗೂ ಯೋಜನೆಯಿತ್ತು, ಆದರೆ ಅದು ಅವನನ್ನು ಆಳಲಿಲ್ಲ.

ಸಂಜೆಯ ಪ್ರಾರ್ಥನೆ

ಇಬ್ಬರೂ ಹೇಳದೆ ಬಿಟ್ಟ ಒಂದು ವಿಷಯವಿದೆ. ನಾವು ಹಿಡಿತವನ್ನು ಬಿಡದಿದ್ದಾಗ ಅದರ ಬೆಲೆಯನ್ನು ಹೆಚ್ಚಾಗಿ ಬೇರೆಯವರು ತೆರುತ್ತಾರೆ. ಅಬ್ರಾಮನು 75ನೆಯ ವಯಸ್ಸಿನಲ್ಲಿ ದೇವರ ಮಾತನ್ನು ನಂಬಿ ಊರು ಬಿಟ್ಟವನು. ಆದರೂ ಕಾನಾನಿಗೆ ಬಂದು ಹತ್ತು ವರ್ಷವಾದರೂ ವಾಗ್ದಾನದ ಮಗನು ಹುಟ್ಟದಿದ್ದಾಗ, ತನ್ನ ದಾಸಿಯಿಂದ ಮಗನನ್ನು ಪಡೆಯೋಣವೆಂದು ಹೆಂಡತಿ ಸಾರಯಳು ಹೂಡಿದ ಏರ್ಪಾಟಿಗೆ ಒಪ್ಪಿದನು. ಆ ಏರ್ಪಾಟಿನಲ್ಲಿ ದಾಸಿಯಾದ ಹಾಗರಳ ಇಷ್ಟವನ್ನು ಯಾರೂ ಕೇಳಲಿಲ್ಲ. ಕೊನೆಗೆ ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಹೊತ್ತು ಮಗನೊಡನೆ ಬೇರ್ಷೆಬದ ಅರಣ್ಯದಲ್ಲಿ ಅಲೆದವಳು ಅವಳೇ.

ನಂಬಿಕೆಯ ಹೆಸರಿನಲ್ಲಿ ನಾವು ತೆಗೆದುಕೊಳ್ಳುವ ತೀರ್ಮಾನಗಳನ್ನೂ ಇದೇ ರೀತಿ ಪರಿಶೀಲಿಸಬೇಕು. ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ದೇವರಿಗೆ ಕಾಣಿಕೆಯಾಯಿತೆಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಸ್ವಾಮಿ ಕಟುವಾಗಿ ಖಂಡಿಸಿದನು (ಮಾರ್ಕ 7:9-13). ತ್ಯಾಗ ನಿಮ್ಮದೋ, ಅಥವಾ ನಿಮ್ಮ ಮನೆಯವರ ಮೇಲೆ ನೀವು ಹೊರಿಸುತ್ತಿರುವುದೋ ಎಂದು ಮೊದಲು ನೋಡಿ. ದೇವರ ಚಿತ್ತ ಎಂದು ಹೇಳಿ ಇನ್ನೊಬ್ಬರ ಬಾಯಿ ಮುಚ್ಚಿಸುವುದು ಕೂಡ ಅಧಿಕಾರದ ಆಸೆಯೇ, ಅದನ್ನು ಸಭಾಪಾಲಕರು ಮಾಡಿದರೂ ಸರಿ, ಮನೆಯ ಯಜಮಾನರು ಮಾಡಿದರೂ ಸರಿ.

ಯಾತ್ರಿಕ

ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಮಾತನಾಡಿದೆ. ಅವರಿಗೆ ಆಕ್ಷೇಪಣೆಯಿಲ್ಲ, ಇಷ್ಟು ದಿನ ಅವರ ಹೆಸರಿನಲ್ಲಿ ಹೇಳುತ್ತಿದ್ದ ಅಡ್ಡಿಗಳಲ್ಲಿ ಬಹುಪಾಲು ನನ್ನವೇ ಎಂದು ತಿಳಿಯಿತು. ಸಾಲದ ಕಂತುಗಳನ್ನು ನಿಲ್ಲಿಸಬೇಕಾಗಿಲ್ಲ, ಮಕ್ಕಳ ಓದಿಗೂ ಕುಂದಿಲ್ಲ. ಹೋಗುವುದು ನನ್ನ ಒಂದು ಸಂಜೆ ಮಾತ್ರ. ಹಾಗಿದ್ದರೂ ಒಪ್ಪಿಕೊಂಡ ಮೇಲೆ ನಡುವೆ ಬಿಡಬೇಕಾಗಿ ಬಂದರೆ ಏನು ಗತಿ ಎಂಬ ಭಯ ಉಳಿದಿದೆ.

ಹಿರಿಯ ಓದುಗ

ಆ ಭಯಕ್ಕೆ ಮುಂಚಿತವಾಗಿ ಉತ್ತರ ದೊರೆಯುವುದಿಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನವು ಆಯಾ ದಿನಕ್ಕೆ ಬೇಕಾದಷ್ಟೇ ದೊರೆಯುತ್ತಿತ್ತು. ಸಬ್ಬತ್ತಿನ ಹಿಂದಿನ ದಿನವನ್ನು ಬಿಟ್ಟರೆ, ಮರುದಿನಕ್ಕೆಂದು ಉಳಿಸಿಕೊಂಡದ್ದು ಹುಳುಬಿದ್ದು ನಾರಿತು. ಈ ವಾರದ ಸಂಜೆಗೆ ಬೇಕಾದ ಬಲವನ್ನು ಈ ವಾರ ಬೇಡಿಕೊಳ್ಳಿ. ಬಿಡಲೇಬೇಕಾದ ಸಂದರ್ಭ ಬಂದರೆ ಹಿರಿಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ. ಸೇವೆ ಕರ್ತನದು, ಆತನು ಬೇರೊಬ್ಬರನ್ನು ಎಬ್ಬಿಸಬಲ್ಲನು.

ಒಂದು ಸಲಹೆ ಮಾತ್ರ ಕೊಡುತ್ತೇನೆ. ಯಾವ ಸಂಜೆ, ಎಷ್ಟು ಹೊತ್ತಿಗೆ ಎಂಬುದನ್ನು ನೀವು ನಿಗದಿಪಡಿಸಬೇಡಿ. ಹಾಸಿಗೆ ಹಿಡಿದಿರುವವರು ತಮಗೆ ನೋವು ಕಡಿಮೆಯಿರುವ ಹೊತ್ತನ್ನು ಹೇಳಲಿ, ನೀವು ಆ ಹೊತ್ತಿಗೆ ಹೋಗಿ.