ಮಂಜನ ಪೋರ್ಟ್ ಪ್ರತಾಪ

“ಇನ್ನು ಮೇಲೆ ನಾನು ಎಲ್ಲಿದ್ದರೂ ನನ್ನ ಮನೆಯ ಕಂಪ್ಯೂಟರ್ ನನ್ನ ಕೈಯಲ್ಲೇ” ಎಂದ ಮಂಜ, ಸೀನನ ಮನೆಯ ಸೋಫಾದಲ್ಲಿ ಕಾಲು ಚಾಚಿಕೊಂಡು. “ಅದರಲ್ಲಿ ಫೋಟೋ ಸರ್ವರ್ ಹಾಕಿ, ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ ಬಂದಿದ್ದೇನೆ.”

“ಎಲ್ಲಿ, ತೋರಿಸು” ಎಂದಳು ಪದ್ಮ.

ಮಂಜ ಸೀನನ ವೈಫೈಗೆ ಸೇರಿಕೊಂಡು ಬ್ರೌಸರ್‌ನಲ್ಲಿ 192.168.1.10 ಎಂದು ಒತ್ತಿದ. ಪುಟ ತೆರೆಯಿತು. ಎಲ್ಲರೂ ಬಗ್ಗಿ ನೋಡಿದೆವು.

“ನಿನ್ನ ಕಂಪ್ಯೂಟರ್‌ಗೆ ಕಪ್ಪು ಇಂಕ್ ಮುಗಿದಿದೆಯಂತೆ” ಎಂದೆ.

“ಲೋ, ಅದು ನನ್ನ ಪ್ರಿಂಟರ್!” ಸೀನ ಕೂಗಿದ.

ಪದ್ಮ ಹಣೆ ಚಚ್ಚಿಕೊಂಡಳು. “192.168ರ ವಿಳಾಸ ಮನೆಯೊಳಗೆ ಮಾತ್ರ ನಡೆಯುತ್ತದೆ ಕಣೋ. ಎಷ್ಟೋ ಮನೆಗಳಲ್ಲಿ ಅದೇ ನಂಬರ್ ಇರುತ್ತದೆ. ಹೊರಗಿನವರಿಗೆ ಕಾಣೋದು ರೂಟರ್‌ನ ಪಬ್ಲಿಕ್ ಐಪಿ, ಅಂದರೆ ಇಂಟರ್‌ನೆಟ್‌ನಲ್ಲಿ ಅದರ ವಿಳಾಸ, ಒಂದೇ. ಪೋರ್ಟ್ ಅಂದರೆ ಆ ವಿಳಾಸದಲ್ಲಿರೋ ನಂಬರ್ ಹಾಕಿದ ಬಾಗಿಲು. ಇಂಥ ಪೋರ್ಟ್‌ಗೆ ಬಂದದ್ದನ್ನು ಒಳಗಿನ ಇಂಥ ಯಂತ್ರಕ್ಕೆ ಕಳಿಸು ಅಂತ ರೂಟರ್‌ಗೆ ಹೇಳಿಡಬೇಕು. ನೀನು ಮಾಡಿರೋದು ಅಷ್ಟೇ.”

“ಪಬ್ಲಿಕ್ ಐಪಿನೂ ಇದೆ” ಎಂದು ಮಂಜ ಜೇಬಿನಿಂದ ಚೀಟಿ ತೆಗೆದ. ಒತ್ತಿದ. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

“ಇದನ್ನು ಬರೆದುಕೊಂಡ ಮೇಲೆ ರೂಟರ್ ಆಫ್ ಆಗಿತ್ತಾ?”

“ನಾನೇ ಆಫ್ ಮಾಡಿ ಆನ್ ಮಾಡಿದೆ. ಸೆಟ್ಟಿಂಗ್ ಗಟ್ಟಿಯಾಗಿ ಕೂರಲಿ ಅಂತ.”

“ಐಪಿ ಬದಲಾಗಿರುತ್ತದೆ. ಈಗ ನೀನು ಯಾರದೋ ಮನೆಯ ಬಾಗಿಲು ಬಡೀತಿದ್ದೀಯ. ಡೈನಮಿಕ್ ಡಿಎನ್ಎಸ್ ಹಾಕಿಕೋ, ಐಪಿ ಏನಾದರೂ ಆಗಲಿ, ಹೆಸರು ಒಂದೇ ಇರುತ್ತದೆ. ಒಳಗಿನ ವಿಳಾಸವನ್ನಾದರೂ ಆ ಕಂಪ್ಯೂಟರ್‌ಗೇ ಅಂತ ಕಾಯ್ದಿರಿಸಿದ್ದೀಯಾ?”

“ಅದು ಬೇರೆ ಬದಲಾಗುತ್ತಾ?”

“ನಾಳೆ ಅದು ನಿಮ್ಮ ಟಿವಿಗೆ ಸಿಕ್ಕಿತು ಅಂದುಕೋ. ದೂರದಿಂದ ಟಿವಿಯ ಹತ್ತಿರ ಫೋಟೋ ಕೇಳ್ತಾ ಕೂತಿರ್ತೀಯ.”

ಮಂಜ ಸೋಲೊಪ್ಪುವವನಲ್ಲ. ಮೊಬೈಲ್ ತೆಗೆದ. “ಕೆಲಸ ಮಾಡಿದೆ ಅನ್ನೋದಕ್ಕೆ ಸಾಕ್ಷಿ ಇಲ್ಲಿದೆ ನೋಡಿ. ಬೆಳಗ್ಗೆ ಕಂಪ್ಯೂಟರ್‌ನ ಲಾಗ್ ತುಂಬಾ ಸಾಲುಗಟ್ಟಲೆ ಏನೋ ಬಂದಿತ್ತು, ಫೋಟೋ ಹೊಡೆದಿಟ್ಟೆ.”

ಲಾಗಿನ್ ವಿಫಲ, ಅಡ್ಮಿನಿಸ್ಟ್ರೇಟರ್. ಲಾಗಿನ್ ವಿಫಲ, ಅಡ್ಮಿನ್. ಟೆಸ್ಟ್. ಯೂಸರ್. ಮತ್ತೆ ಅಡ್ಮಿನಿಸ್ಟ್ರೇಟರ್.

“ಇವರೆಲ್ಲ ನಿನ್ನ ನೆಂಟರಾ?” ಎಂದೆ.

ಪದ್ಮಳ ನಗು ನಿಂತುಹೋಗಿತ್ತು. “ದೂರದಿಂದ ಕಂಪ್ಯೂಟರ್ ನಡೆಸೋ ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್ 3389 ಯಾಕೆ ತೆರೆದೆ?”

“ಅದೊಂದೇ ಅಲ್ಲ. ಒಂದೊಂದೇ ಪೋರ್ಟ್ ಬರೆಯೋದು ಯಾಕೆ ಅಂತ ಡಿಎಂಝಡ್ ಆನ್ ಮಾಡಿಬಿಟ್ಟೆ.”

ಡಿಎಂಝಡ್ ಎಂದರೆ, ಯಾರಿಗೆ ಅಂತ ಗೊತ್ತಿಲ್ಲದೆ ಬಂದದ್ದೆಲ್ಲ ಆ ಒಂದೇ ಕಂಪ್ಯೂಟರ್‌ಗೆ. ಪೋರ್ಟ್ 1ರಿಂದ 65535ರವರೆಗೆ. ಹಾಗೆ ತೆರೆದ ಪೋರ್ಟ್ ಹುಡುಕುತ್ತಾ ಇಡೀ ಇಂಟರ್‌ನೆಟ್ ಸುತ್ತುವುದೇ ಕೆಲಸವಾಗಿರುವ ಬಾಟ್‌ಗಳಿವೆ. ಅವಕ್ಕೆ ಯಾರೂ ಚೀಟಿಯಲ್ಲಿ ಐಪಿ ಬರೆದುಕೊಡಬೇಕಿಲ್ಲ.

“ಪಾಸ್‌ವರ್ಡ್ ಇದೆಯಲ್ಲ?” ಮಂಜನ ದನಿ ಸಣ್ಣದಾಗಿತ್ತು.

“2019ರಲ್ಲಿ ಬ್ಲೂಕೀಪ್ ಅನ್ನೋ ದೋಷ ಸಿಕ್ಕಿತ್ತು. ಹಳೆಯ ವಿಂಡೋಸ್‌ಗಳ ರಿಮೋಟ್ ಡೆಸ್ಕ್‌ಟಾಪ್‌ಗೆ ಪಾಸ್‌ವರ್ಡೇ ಇಲ್ಲದೆ ನುಗ್ಗಬಹುದಿತ್ತು.”

ಈ ಗಲಾಟೆಯ ಮಧ್ಯೆ ಸೀನ ತನ್ನ ರೂಟರ್ ಪುಟ ತೆರೆದು ಕೂತಿದ್ದ. “ನನಗೂ ಮಾಡಿಕೊಡಿ. ನನ್ನ ಐಪಿ 100.72ರಿಂದ ಶುರುವಾಗುತ್ತೆ. ರೌಂಡ್ ನಂಬರ್, ಚೆನ್ನಾಗಿದೆ ಅಲ್ವಾ?”

“ಅದು ಸಿಜಿನ್ಯಾಟ್, ಇಂಟರ್‌ನೆಟ್ ಕಂಪನಿಯ ಒಳಗಿನ ವಿಳಾಸ. 100.64ರಿಂದ 100.127ರವರೆಗೆ ಇದ್ದರೆ ಪಬ್ಲಿಕ್ ಐಪಿ ಅಲ್ಲವೇ ಅಲ್ಲ. ಐಪಿವಿ4 ಅನ್ನೋ ಈ ವಿಳಾಸ ಪದ್ಧತಿಯಲ್ಲಿ ಇರೋದೇ ಸುಮಾರು 430 ಕೋಟಿ ವಿಳಾಸ. ಹಂಚಲು ಇಟ್ಟಿದ್ದ ದಾಸ್ತಾನು 2011ರಲ್ಲೇ ಬರಿದಾಯಿತು. ಅದಕ್ಕೇ ಕಂಪನಿ ಎಷ್ಟೋ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತದೆ. ನಿನ್ನ ರೂಟರ್‌ಗೆ ನೀನು ಏನು ಬೇಕಾದರೂ ಹೇಳು. ಅದರ ಮೇಲಿನದು ಕಂಪನಿಯದು, ಅದು ನಿನ್ನ ಮಾತು ಕೇಳಲ್ಲ.”

“ಅಂದರೆ ನನ್ನ ಮನೆಗೆ ಹೊರಗಿನಿಂದ ಯಾರೂ ಬರೋಕಾಗಲ್ವಾ?”

“ನೀನೂ ಬರೋಕಾಗಲ್ಲ.”

“ಪರವಾಗಿಲ್ಲ, ಇಂಕ್ ತರೋಕೆ ಬಿಟ್ಟರೆ ನಾನೆಲ್ಲೂ ಹೋಗಲ್ಲ.”

ಮನೆಯ ಕಂಪ್ಯೂಟರ್‌ಗೆ ವಿಪಿಎನ್, ಅಂದರೆ ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಬರುವ ಗುಟ್ಟಿನ ಸುರಂಗ, ಒಂದೇ ದಾರಿ ಅನ್ನೋದು ನನ್ನ ಹಳೇ ವಾದ. ಪದ್ಮಳೂ ಅದನ್ನೇ ಹೇಳಿದಳು. ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕಿ ಒಂದೇ ಒಂದು ಯುಡಿಪಿ ಪೋರ್ಟ್ ತೆರೆದರೆ ಸಾಕು. ಸಾಮಾನ್ಯವಾಗಿ 51820. ಸರಿಯಾದ ಕೀ ಇಲ್ಲದವರು ಎಷ್ಟು ಬಡಿದರೂ ಅದು ತುಟಿ ಬಿಚ್ಚುವುದಿಲ್ಲ. ಆಮೇಲೆ ದೂರದಿಂದಲೂ 192.168.1.10 ಅಂತಲೇ ಒತ್ತಬಹುದು, ಆದರೆ ಸೀನನ ಮನೆಯಲ್ಲಿ ಮಾತ್ರ ಪ್ರಿಂಟರೇ ಅಡ್ಡ ಬಂದೀತು.

“ಅದೆಲ್ಲ ಆಮೇಲೆ. ಮೊದಲು ಆ ಡಿಎಂಝಡ್ ಆಫ್ ಮಾಡು” ಎಂದಳು ಪದ್ಮ.

ಮಂಜ ಎದ್ದು ಬಾಗಿಲ ಕಡೆ ಹೊರಟ.

“ಇಲ್ಲಿಂದಲೇ ಮಾಡಬಹುದಲ್ಲ, ದೂರದಿಂದ?” ಎಂದ ಸೀನ.

ಉತ್ತರ ಬರಲಿಲ್ಲ. ಅವಸರದಲ್ಲಿ ಅವನು ಸೀನನ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದ.